ಯಂತ್ರಬಲವೂ ಯುಕ್ತಿಬಲವೂ

ವಿದ್ಯಾರ್ಥಿಗಳ ರೋಬೋಟು ಪಂದ್ಯಗಳು ಕಲಿಸುವ ಪಾಠ

2025ನೆಯ ಇಸವಿಯ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರದ ಆಯವ್ಯಯ ಪತ್ರವು ಮಂಡನೆಯಾದಾಗ, ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳನ್ನು ಸ್ಥಾಪಿಸಲಾಗುವುದೆಂಬ ಘೋಷಣೆಯು ಹೊರಬಿದ್ದಿತು. ಅದಕ್ಕೆ ಮುನ್ನವೇ ಇಂಥ 10,000 ಪ್ರಯೋಗಶಾಲೆಗಳು ದೇಶದ ನಾನಾ ಕಡೆಗಳಲ್ಲಿ ಏರ್ಪಟ್ಟಿದ್ದುವು. ಹಳ್ಳಿಯ ಬಡವನ ಮಗನೂ ಮಗಳೂ ಮೋಟಾರನ್ನು ಕೈಯಲ್ಲಿ ಹಿಡಿದು, ತಂತಿಯನ್ನು ತಾನೇ ಬೆಸೆದು, ಯಂತ್ರವೊಂದನ್ನು ಚಲಿಸುವಂತೆ ಮಾಡುವ ದಿನ ಬರುವುದಾದರೆ ಅದಕ್ಕಿಂತ ಸಂತೋಷದ ಸಂಗತಿ ಬೇರೊಂದಿಲ್ಲ. ಈ ಉದ್ದೇಶವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ.

ಆದರೆ ಸ್ವಾಗತಿಸಿದ ಮೇಲೆ ಒಂದು ಪ್ರಶ್ನೆಯನ್ನು ಕೇಳದೆ ವಿಧಿಯಿಲ್ಲ. ಸಲಕರಣೆಯ ಪೆಟ್ಟಿಗೆಯು ಶಾಲೆಗೆ ಬಂದಿತು. ಬೀರುವಿನ ಬೀಗದ ಕೈಯನ್ನು ಮುಖ್ಯೋಪಾಧ್ಯಾಯರು ಸ್ವೀಕರಿಸಿದರು. ದಾಖಲೆಯ ಪುಸ್ತಕದಲ್ಲಿ ರುಜುವೂ ಆಯಿತು. ಆಮೇಲೆ ಏನು? ಯಂತ್ರವನ್ನು ಕೊಳ್ಳುವುದಕ್ಕೆ ಹಣ ಸಾಕು. ಆ ಯಂತ್ರದಿಂದ ಏನನ್ನು ಮಾಡತಕ್ಕದ್ದು, ಏನನ್ನು ಮಾಡಬಾರದು, ಇರುವ ಅಲ್ಪ ಕಾಲವನ್ನೂ ಅಲ್ಪ ಶಕ್ತಿಯನ್ನೂ ಎಲ್ಲಿ ವಿನಿಯೋಗಿಸಿದರೆ ಫಲ ಹೆಚ್ಚು ಎಂಬ ವಿವೇಚನೆಯು ಹಣಕ್ಕೆ ದೊರೆಯುವ ಪದಾರ್ಥವಲ್ಲ. ಈ ವಿವೇಚನೆಯನ್ನು ಹುಡುಗರಿಗೆ ಆಟದ ಮೂಲಕ ಕಲಿಸುವ ಏರ್ಪಾಡೊಂದು ಅಮೆರಿಕದಲ್ಲಿ ಮೂರು ದಶಕಗಳಿಂದ ನಡೆದುಬಂದಿದೆ. ಅದರ ಒಳಮರ್ಮವನ್ನು ನಮ್ಮ ವಾಚಕರ ಮುಂದೆ, ವಿಶೇಷವಾಗಿ ವಿದ್ಯಾ ಇಲಾಖೆಯ ಅಧಿಕಾರಿಗಳ ಮುಂದೆ, ಇಡುವುದೇ ಈ ಲೇಖನದ ಉದ್ದೇಶ.

ಪಂದ್ಯದ ಸ್ವರೂಪ

ಡೀನ್ ಕೇಮನ್ ಎಂಬ ಸಂಶೋಧಕರು 1989ರಲ್ಲಿ ‘ಫಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ವುಡೀ ಫ್ಲವರ್ಸ್ ಅವರು ತಮ್ಮ ತರಗತಿಯಲ್ಲಿ ವಿದ್ಯಾರ್ಥಿಗಳಿಂದ ಯಂತ್ರಗಳನ್ನು ಮಾಡಿಸಿ ಪರಸ್ಪರ ಸ್ಪರ್ಧೆಗೆ ಹೂಡುತ್ತಿದ್ದ ಪದ್ಧತಿಯೇ ಈ ಪಂದ್ಯಕ್ಕೆ ಮಾದರಿಯಾಯಿತು. 1992ರಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಮ್ಯಾಂಚೆಸ್ಟರ್ ನಗರದ ಒಂದು ಪ್ರೌಢಶಾಲೆಯ ವ್ಯಾಯಾಮಶಾಲೆಯಲ್ಲಿ 28 ತಂಡಗಳು ಸೇರಿ ಮೊದಲ ಪಂದ್ಯವನ್ನಾಡಿದುವು. ಇಂದು ಆ ತಂಡಗಳ ಸಂಖ್ಯೆಯು ಜಗತ್ತಿನಾದ್ಯಂತ 3,000ವನ್ನು ಮೀರಿದೆ.

ರೋಬೋಟು ಎಂದೊಡನೆ ಕೈಕಾಲುಗಳುಳ್ಳ ಲೋಹದ ಮನುಷ್ಯನನ್ನು ವಾಚಕರು ಕಲ್ಪಿಸಿಕೊಳ್ಳಬೇಕಾಗಿಲ್ಲ. ಇಲ್ಲಿಯ ರೋಬೋಟೆಂದರೆ ಗಾಲಿಗಳ ಮೇಲೆ ಓಡುವ ಒಂದು ಚೌಕಟ್ಟು. ಅದರ ಮೇಲೆ ಚೆಂಡನ್ನು ಎತ್ತುವುದಕ್ಕೋ, ಪೆಟ್ಟಿಗೆಯನ್ನು ಪೇರಿಸುವುದಕ್ಕೋ, ಹಗ್ಗವನ್ನು ಹತ್ತುವುದಕ್ಕೋ ಬೇಕಾದ ತೋಳುಗಳು. ಪ್ರತಿವರ್ಷ ಜನವರಿಯ ಆರಂಭದಲ್ಲಿ ಆ ವರ್ಷದ ಹೊಸ ಆಟವನ್ನು ಎಲ್ಲ ತಂಡಗಳಿಗೂ ಒಂದೇ ದಿನ ಪ್ರಕಟಿಸುತ್ತಾರೆ. ಕಳೆದ ವರ್ಷದ ಯಂತ್ರವು ಈ ವರ್ಷಕ್ಕೆ ಉಪಯೋಗವಾಗದು. 2019ರ ವರೆಗೆ ಸುಮಾರು ಆರು ವಾರಗಳೊಳಗಾಗಿ ಯಂತ್ರವನ್ನು ಮುಗಿಸಿ ಚೀಲದಲ್ಲಿಟ್ಟು ಮುದ್ರೆ ಹಾಕಬೇಕೆಂಬ ನಿಯಮವಿದ್ದಿತು. 2020ರಿಂದ ಆ ಕಟ್ಟಳೆಯನ್ನು ತೆಗೆದುಹಾಕಿದ್ದಾರೆ. ಪಂದ್ಯವೊಂದರ ಕಾಲ ಸುಮಾರು ಎರಡೂವರೆ ನಿಮಿಷ. ಮೊದಲ ಕೆಲವು ಸೆಕೆಂಡು ಯಂತ್ರವು ಯಾರ ಕೈಸೋಕೂ ಇಲ್ಲದೆ, ಮೊದಲೇ ಬರೆದಿಟ್ಟ ಆದೇಶಗಳಂತೆ ತಾನೇ ನಡೆಯತಕ್ಕದ್ದು. ಉಳಿದ ಕಾಲವೆಲ್ಲ ಹುಡುಗರು ಕಣದ ಹೊರಗೆ ನಿಂತು ಅದನ್ನು ನಡೆಸತಕ್ಕದ್ದು.

ಇದಕ್ಕೂ ಮಿಗಿಲಾದ ವಿಶೇಷವೊಂದುಂಟು. 2005ರಿಂದ ಈಚೆಗೆ ಒಂದೊಂದು ಪಕ್ಷದಲ್ಲಿ ಮೂರು ಮೂರು ತಂಡಗಳು ಕೂಡಿ ಆಡುತ್ತವೆ. ಇಂದು ಮಿತ್ರನಾದವನು ನಾಳೆ ಎದುರಾಳಿಯಾಗುತ್ತಾನೆ. ನಾಳಿದ್ದು ಮತ್ತೆ ಮಿತ್ರನಾಗುತ್ತಾನೆ. ಆದುದರಿಂದ ತನ್ನ ಯಂತ್ರವೊಂದೇ ಬಲಿಷ್ಠವಾಗಿದ್ದರೆ ಸಾಲದು. ಯಾರೊಡನೆ, ಯಾರ ಎದುರಿಗೆ, ಯಾವ ಕ್ಷಣದಲ್ಲಿ ಏನು ಮಾಡಬೇಕೆಂಬ ಆಲೋಚನೆಯೇ ಜಯಾಪಜಯಗಳನ್ನು ನಿರ್ಣಯಿಸುತ್ತದೆ.

ಮೊದಲು ನಿಯಮದ ಪುಸ್ತಕ, ಆಮೇಲೆ ಸುತ್ತಿಗೆ

ಹೊಸ ತಂಡಗಳು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಆಟವು ಪ್ರಕಟವಾದ ದಿನವೇ ‘ಯಾವ ಯಂತ್ರವನ್ನು ಮಾಡೋಣ?’ ಎಂದು ಕೇಳಿಕೊಳ್ಳುತ್ತವೆ. ನುರಿತ ತಂಡಗಳು ಹಾಗೆ ಕೇಳುವುದಿಲ್ಲ. ‘ಈ ಆಟದಲ್ಲಿ ಗೆಲ್ಲುವುದು ಹೇಗೆ?’ ಎಂದು ಮೊದಲು ವಿಚಾರಿಸುತ್ತವೆ. ನಿಯಮದ ಪುಸ್ತಕವನ್ನು ವಕೀಲನು ಕಾಯಿದೆಯನ್ನು ಓದುವಂತೆ ಅಕ್ಷರಶಃ ಓದಿ, ಯಾವ ಕೆಲಸಕ್ಕೆ ಎಷ್ಟು ಅಂಕ, ಆ ಕೆಲಸಕ್ಕೆ ಎಷ್ಟು ಸೆಕೆಂಡು, ಅದು ಎಷ್ಟು ಕಷ್ಟ ಎಂಬ ಪಟ್ಟಿಯನ್ನು ತಯಾರಿಸುತ್ತವೆ. ಸಂತೆಗೆ ಹೋಗುವ ಗೃಹಸ್ಥನು ಕೈಯಲ್ಲಿರುವ ಹಣವನ್ನೂ ಪದಾರ್ಥಗಳ ಬೆಲೆಯನ್ನೂ ತೂಗಿ ನೋಡುವಂತೆ, ಇವರು ಕೈಯಲ್ಲಿರುವ ಎರಡೂವರೆ ನಿಮಿಷವನ್ನು ತೂಗಿ ನೋಡುತ್ತಾರೆ.

2017ರ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆ ವರ್ಷ ರೋಬೋಟುಗಳು ಚೆಂಡುಗಳನ್ನು ಎತ್ತರದ ಕೊಳವೆಯೊಳಕ್ಕೆ ಎಸೆಯಬಹುದಾಗಿತ್ತು. ಹಲ್ಲುಚಕ್ರಗಳನ್ನು ಒಯ್ದು ಕೊಡಬಹುದಾಗಿತ್ತು. ಕೊನೆಯಲ್ಲಿ ಹಗ್ಗವೊಂದನ್ನು ಹತ್ತಬಹುದಾಗಿತ್ತು. ಚೆಂಡುಗಳ ಸುರಿಮಳೆಯನ್ನು ನೋಡುವುದಕ್ಕೆ ಬಲು ಸೊಗಸು. ಚೆಂಡೆಸೆಯುವ ಯಂತ್ರವನ್ನು ಮಾಡಬೇಕೆಂಬ ಆಸೆ ಯಾವ ಹುಡುಗನಿಗೆ ಹುಟ್ಟದು? ಆದರೆ ಲೆಕ್ಕವನ್ನು ನೋಡಿ. ಚಾಲಕರು ನಡೆಸುವ ಅವಧಿಯಲ್ಲಿ ಎತ್ತರದ ಗುರಿಗೆ ಮೂರು ಚೆಂಡು ಬಿದ್ದರೆ ಒಂದು ಅಂಕ. ಹಗ್ಗವನ್ನು ಹತ್ತಿದರೆ 50 ಅಂಕ. ಅಂದರೆ ಒಂದು ಸಾರಿ ಹಗ್ಗವನ್ನು ಹತ್ತಿದ್ದಕ್ಕೆ ಸಮನಾಗಬೇಕಾದರೆ 150 ಚೆಂಡುಗಳು ಗುರಿಯನ್ನು ಸೇರಬೇಕು. ಚೆಂಡೆಸೆಯುವ ಯಂತ್ರಕ್ಕಾಗಿ ವಾರಗಟ್ಟಲೆ ಶ್ರಮಿಸಿ, ಹಗ್ಗ ಹತ್ತುವ ರಾಟೆಯನ್ನು ಕೊನೆಯ ದಿನಕ್ಕೆ ಬಿಟ್ಟ ತಂಡದ ಪಾಡು ಬೆಟ್ಟ ಅಗೆದು ಇಲಿ ಹಿಡಿದವನ ಪಾಡಲ್ಲದೆ ಮತ್ತೇನು? ಅಪೂರ್ವ ಕುಶಲತೆಯುಳ್ಳ ಕೆಲವು ತಂಡಗಳು ಚೆಂಡುಗಳಿಂದಲೂ ಲಾಭ ಪಡೆಯಬಲ್ಲುವು. ಉಳಿದವರಿಗೆ ಹಗ್ಗವೇ ಅನ್ನ, ಚೆಂಡು ಉಪ್ಪಿನಕಾಯಿ.

‘ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಪಂದ್ಯಗಳಲ್ಲಿ ಬಹುಕಾಲ ಪಳಗಿದವರ ಅನುಭವವೂ ಇದೇ. ಎಲ್ಲ ಕೆಲಸವನ್ನೂ ಅರೆಬರೆಯಾಗಿ ಮಾಡುವ ಯಂತ್ರಕ್ಕಿಂತ, ಎರಡೇ ಕೆಲಸವನ್ನು ಹತ್ತಕ್ಕೆ ಹತ್ತು ಸಾರಿಯೂ ತಪ್ಪದೆ ಮಾಡುವ ಯಂತ್ರವು ಮೇಲು. ಹೀಗೆ ಆಸೆಯನ್ನು ಕಡಮೆ ಮಾಡಿಕೊಂಡದ್ದರಿಂದ ಉಳಿಯುವ ಕಾಲವನ್ನು ಚಾಲಕರ ಅಭ್ಯಾಸಕ್ಕೆ ಉಪಯೋಗಿಸಬಹುದು. ಸಾಧಾರಣ ಯಂತ್ರದ ಮೇಲೆ ನೂರು ಗಂಟೆ ಕೈ ಪಳಗಿಸಿದ ಚಾಲಕನು, ಪಂದ್ಯದ ಹಿಂದಿನ ರಾತ್ರಿ ಮುಗಿದ ಅದ್ಭುತ ಯಂತ್ರವನ್ನು ಸೋಲಿಸುವುದು ಆಶ್ಚರ್ಯವಲ್ಲ.

ಇಕ್ಕಟ್ಟಿನ ಜಾಗವನ್ನು ಹುಡುಕುವುದು

ಎರಡನೆಯ ಮರ್ಮವು ಇದಕ್ಕಿಂತ ಸೂಕ್ಷ್ಮವಾದುದು. ಯಾವ ಕಾರ್ಯದಲ್ಲೇ ಆಗಲಿ, ಉಳಿದೆಲ್ಲವೂ ಹೇರಳವಾಗಿದ್ದು ಒಂದು ವಸ್ತು ಮಾತ್ರ ವಿರಳವಾಗಿರುತ್ತದೆ. ಆ ವಿರಳ ವಸ್ತುವನ್ನು ಹಿಡಿದವನು ಆಟವನ್ನೇ ಹಿಡಿದಂತೆ. ನಾಲೆಯ ತೂಬು ಯಾರ ಕೈಯಲ್ಲಿದೆಯೋ ಗದ್ದೆಯ ನೀರು ಅವನ ಕೈಯಲ್ಲಿದೆ ಎಂಬುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

2015ರ ಆಟದಲ್ಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಬೇಕಾಗಿತ್ತು. ಆರು ಪೆಟ್ಟಿಗೆಗಳ ಕಂಬಕ್ಕೆ 12 ಅಂಕ. ಆ ಕಂಬದ ತುದಿಯಲ್ಲಿ ಹಸುರು ಡಬ್ಬಿಯೊಂದನ್ನು ಇಟ್ಟರೆ ಇನ್ನೂ 24. ಆ ಡಬ್ಬಿಯೊಳಗೆ ಮೃದುವಾದ ಕೋಲೊಂದನ್ನು ಸಿಕ್ಕಿಸಿದರೆ ಮತ್ತೆ 6. ಒಟ್ಟು 42. ಡಬ್ಬಿಯಿಲ್ಲದ ಕಂಬಕ್ಕೂ ಡಬ್ಬಿಯುಳ್ಳ ಕಂಬಕ್ಕೂ ಮೂವತ್ತು ಅಂಕಗಳ ಅಂತರ! ಪೆಟ್ಟಿಗೆಗಳು ಬೇಕಾದಷ್ಟಿದ್ದುವು, ಡಬ್ಬಿಗಳು ಮಾತ್ರ ಪ್ರತಿ ಪಕ್ಷಕ್ಕೂ ಮೂರೇ. ಎರಡು ಪಕ್ಷಗಳ ನಡುವಿನ ಕಟ್ಟೆಯ ಮೇಲೆ ಇನ್ನು ನಾಲ್ಕು ಡಬ್ಬಿಗಳಿದ್ದು, ಅವುಗಳನ್ನು ಯಾರು ಮೊದಲು ಎಳೆದುಕೊಂಡರೆ ಅವರಿಗೆ ಸಲ್ಲುತ್ತಿದ್ದುವು.

ಸಾಮಾನ್ಯ ತಂಡಗಳು ಪೆಟ್ಟಿಗೆ ಪೇರಿಸುವ ವೇಗವನ್ನು ಕುರಿತು ಚಿಂತಿಸಿದುವು. ಮೇಲುಮಟ್ಟದ ತಂಡಗಳು ಇನ್ನೂ ಒಂದು ಹೆಜ್ಜೆ ಮುಂದೆ ನೋಡಿದುವು. ತಾವೂ ಎದುರಾಳಿಗಳೂ ಚೆನ್ನಾಗಿ ಪೇರಿಸಬಲ್ಲೆವೆಂದಾದ ಮೇಲೆ ಗೆಲವನ್ನು ನಿರ್ಣಯಿಸುವುದು ನಡುವಿನ ಆ ನಾಲ್ಕು ಡಬ್ಬಿಗಳೇ ಎಂದು ಅವು ಕಂಡುಕೊಂಡುವು. ಅದರ ಪರಿಣಾಮವಾಗಿ, ಪಂದ್ಯವು ಆರಂಭವಾದ ಒಂದು ಸೆಕೆಂಡಿನೊಳಗಾಗಿಯೇ ಡಬ್ಬಿಗಳನ್ನು ಕಸಿಯುವ ಮಿಂಚಿನ ತೋಳುಗಳು ಹುಟ್ಟಿದುವು. ಜಾಗತಿಕ ಪಂದ್ಯಾವಳಿಯ ಕೊನೆಯ ಆಟಗಳಲ್ಲಿ ಎರಡೂವರೆ ನಿಮಿಷದ ಹೋರಾಟದ ಬಹುಭಾಗವು ಮೊದಲ ಕಣ್ಣೆವೆ ಇಕ್ಕುವುದರೊಳಗೆ ಮುಗಿದುಹೋಗುತ್ತಿತ್ತು. ಆರಂಭದ ಆಟಗಳಲ್ಲಿ ಉಪಯೋಗಕ್ಕೆ ಬಾರದ ಆ ತೋಳನ್ನು ಮುಂದಿನ ಅಂತಿಮ ಆಟಕ್ಕಾಗಿ ತಿಂಗಳುಗಳ ಮೊದಲೇ ಯೋಚಿಸಿ ಮಾಡಿಟ್ಟುಕೊಂಡವರೇ ದೂರದರ್ಶಿಗಳು.

ಕಾಲವೇ ಅಂಕವಾದಾಗ

2018ರ ಆಟವು ಬೇರೊಂದು ಪಾಠವನ್ನು ಕಲಿಸಿತು. ಕಣದಲ್ಲಿ ದೊಡ್ಡ ತಕ್ಕಡಿಗಳಿದ್ದುವು. ತನ್ನ ಕಡೆಯ ತಟ್ಟೆಯಲ್ಲಿ ಹೆಚ್ಚು ಘನಗಳನ್ನಿಟ್ಟು ತಕ್ಕಡಿಯನ್ನು ತನ್ನ ಕಡೆಗೆ ತೂಗಿಸಿದ ಪಕ್ಷಕ್ಕೆ, ಅದು ಹಾಗೆ ತೂಗಿದ ಪ್ರತಿಯೊಂದು ಸೆಕೆಂಡಿಗೂ ಒಂದು ಅಂಕ ಸಲ್ಲುತ್ತಿತ್ತು. ಆರಂಭದ ಸ್ವಯಂಚಾಲನೆಯ ಅವಧಿಯಲ್ಲಿ ಎರಡು. ಹೀಗಾದ ಮೇಲೆ ‘ಎಷ್ಟು ಘನಗಳನ್ನು ಇಟ್ಟೆ?’ ಎಂಬ ಪ್ರಶ್ನೆಗೆ ಅರ್ಥವಿಲ್ಲ, ‘ಯಾವಾಗ ಇಟ್ಟೆ?’ ಎಂಬುದೇ ಪ್ರಶ್ನೆ. ಮೊದಲ ಕ್ಷಣದಲ್ಲಿಟ್ಟ ಒಂದೇ ಘನವು ಎದುರಾಳಿಯು ಅದನ್ನು ಸರಿದೂಗಿಸುವ ವರೆಗೆ ಅಂಕಗಳನ್ನು ಕರೆಯುತ್ತಲೇ ಇರುವುದು. ಕೊನೆಯ ಹತ್ತು ಸೆಕೆಂಡಿನಲ್ಲಿ ಇಟ್ಟ ಹತ್ತು ಘನಗಳಿಂದ ಹತ್ತಕ್ಕಿಂತ ಹೆಚ್ಚು ಅಂಕ ಬಾರದು. ಮೊದಲೇ ಇಟ್ಟ ಹಣಕ್ಕೆ ಬಡ್ಡಿಯು ಬೆಳೆಯುವ ರೀತಿ ಇದು.

ಇದರಲ್ಲಿ ಮತ್ತೊಂದು ಗುಟ್ಟೂ ಅಡಗಿದೆ. ತಕ್ಕಡಿಯು ಈಗಾಗಲೇ ಐದು ಘನಗಳಷ್ಟು ನಮ್ಮ ಕಡೆಗೆ ಭಾರವಾಗಿದ್ದರೆ ಆರನೆಯದನ್ನು ಅಲ್ಲಿ ಇಡುವುದರಿಂದ ಒಂದು ಅಂಕವೂ ಹೆಚ್ಚದು. ಅದೇ ಘನವನ್ನು ಬೇರೆ ಕಡೆ ಒಯ್ದರೆ ಲಾಭವುಂಟು. ಆದರೆ ಗೆಲ್ಲುತ್ತಿರುವ ಸ್ಥಳವನ್ನು ಬಿಟ್ಟುಹೋಗುವುದಕ್ಕೆ ಮನಸ್ಸು ಬಾರದು! ಕಣದ ಅಂಚಿನಲ್ಲಿ ನಿಂತ ಮಾರ್ಗದರ್ಶಿಯು ಚಾಲಕನಿಗೆ ‘ಇಲ್ಲಿ ಸಾಕು, ಅತ್ತ ನಡೆ’ ಎಂದು ತಕ್ಕ ಕ್ಷಣದಲ್ಲಿ ಹೇಳಬಲ್ಲನಾದರೆ ಅವನೇ ನಿಜವಾದ ಸೇನಾಧಿಪತಿ.

ದುರ್ಬಲನ ಬೆಲೆ

ಈ ಪಂದ್ಯಗಳ ಚರಿತ್ರೆಯಲ್ಲಿ ನಮಗೆ ಅತ್ಯಂತ ಪ್ರಿಯವಾದುದು 2014ರ ಆಟ. ದೊಡ್ಡ ಚೆಂಡೊಂದನ್ನು ಎತ್ತರದ ಗುರಿಗೆ ಎಸೆದರೆ 10 ಅಂಕ. ಪ್ರಬಲವಾದ ಯಂತ್ರವು ಒಂಟಿಯಾಗಿ ಇದನ್ನು ಸಾಧಿಸಬಹುದಾಗಿತ್ತು. ಆದರೆ ಚೆಂಡು ಗುರಿಯನ್ನು ಸೇರುವ ಮೊದಲು ಎರಡು ರೋಬೋಟುಗಳು ಕಣದ ಬೇರೆ ಬೇರೆ ಭಾಗಗಳಲ್ಲಿ ಅದನ್ನು ಹಿಡಿದಿದ್ದರೆ ಇನ್ನೂ 10. ಮೂರು ರೋಬೋಟುಗಳೂ ಹಿಡಿದಿದ್ದರೆ ಹತ್ತಲ್ಲ, ಇಪ್ಪತ್ತಲ್ಲ, 30 ಅಂಕಗಳು ಹೆಚ್ಚಾಗಿ ಸಲ್ಲುತ್ತಿದ್ದುವು. ಒಂದು ಚೆಂಡು ಗುರಿಯನ್ನು ಮುಟ್ಟುವ ವರೆಗೆ ಮತ್ತೊಂದು ಚೆಂಡು ಪಕ್ಷದ ಕೈಗೆ ಸಿಗುತ್ತಿರಲಿಲ್ಲ.

ಇದರ ಅರ್ಥವೇನು? ಎಸೆಯಲಾರದ, ಎತ್ತಲಾರದ, ಕೇವಲ ಚೆಂಡನ್ನು ಮಡಿಲಲ್ಲಿ ತೆಗೆದುಕೊಂಡು ಪಕ್ಕದವನಿಗೆ ಉರುಳಿಸಬಲ್ಲ ಬಡ ತಂಡದ ಯಂತ್ರವೂ ಕೂಟದ ಸಂಪತ್ತಿಗೆ ದೊಡ್ಡ ಪಾಲನ್ನು ಕೊಡಬಲ್ಲುದಾಯಿತು. ಅದನ್ನು ಮೂಲೆಯಲ್ಲಿ ನಿಲ್ಲಿಸಿ ತಾನೇ ಎಲ್ಲವನ್ನೂ ಮಾಡುವೆನೆಂಬ ಗರ್ವಿಯು ಹತ್ತು ಹತ್ತಾಗಿ ಗಳಿಸುವಾಗ, ಮೂವರೂ ಕೂಡಿ ಆಡುವ ಪಕ್ಷವು ನಲವತ್ತು ನಲವತ್ತಾಗಿ ಗಳಿಸುತ್ತಿತ್ತು. ಬಲಿಷ್ಠ ತಂಡಗಳು ಇದನ್ನು ಅರಿತು, ಪಂದ್ಯಕ್ಕೆ ಮುನ್ನ ತಮ್ಮ ದುರ್ಬಲ ಮಿತ್ರನ ಬಳಿಗೆ ತಾವೇ ಹೋಗಿ, ಅವನ ಯಂತ್ರಕ್ಕೆ ಚೆಂಡು ಹಿಡಿಯುವ ತಟ್ಟೆಯೊಂದನ್ನು ಕಟ್ಟಿಕೊಡುವುದೇ ಬುದ್ಧಿವಂತಿಕೆಯಾಯಿತು. ದುರ್ಬಲನನ್ನು ಮೇಲೆತ್ತುವುದು ಕೇವಲ ದಯೆಯಲ್ಲ, ಎಲ್ಲರ ಹಿತದ ಲೆಕ್ಕಾಚಾರವೂ ಹೌದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವು ಹೇಳಬಲ್ಲುದು? ಜಾತಿಮತಗಳಿಂದಲೂ ಅಂತಸ್ತಿನಿಂದಲೂ ಒಡೆದಿರುವ ನಮ್ಮ ಸಮಾಜವು ಈ ಮೂರು ಯಂತ್ರಗಳ ಆಟವನ್ನು ನೋಡಿ ಕಲಿಯಬೇಕಾದುದು ಬಹಳವಿದೆ.

ಮಿತ್ರರ ಆಯ್ಕೆ

ಪ್ರಾರಂಭದ ಸುತ್ತುಗಳಲ್ಲಿ ಯಾರು ಯಾರೊಡನೆ ಆಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಆ ಸುತ್ತುಗಳು ಮುಗಿದ ಮೇಲೆ ಮೊದಲ ಎಂಟು ಸ್ಥಾನಗಳ ತಂಡಗಳು ನಾಯಕರಾಗಿ ತಮ್ಮ ಮಿತ್ರರನ್ನು ಬಹಿರಂಗವಾಗಿ ಆರಿಸಿಕೊಳ್ಳುತ್ತವೆ. ಮೊದಲ ಸುತ್ತಿನ ಆಯ್ಕೆಯು ಒಂದರಿಂದ ಎಂಟಕ್ಕೆ ಇಳಿಯುತ್ತದೆ. ಎರಡನೆಯದು ಎಂಟರಿಂದ ಒಂದಕ್ಕೆ ಏರುತ್ತದೆ. ಆದುದರಿಂದ ಮೊದಲ ಸ್ಥಾನದವನಿಗೆ ಅತ್ಯುತ್ತಮ ಮಿತ್ರನು ದೊರೆತರೂ, ಮೂರನೆಯವನನ್ನು ಎಲ್ಲರೂ ಆರಿಸಿ ಬಿಟ್ಟವರೊಳಗಿಂದಲೇ ಹುಡುಕಬೇಕು.

ಉದ್ಯೋಗಪರ್ವದ ಕಥೆಯನ್ನು ವಾಚಕರು ಬಲ್ಲರು. ದುರ್ಯೋಧನನು ನಾರಾಯಣನ ಸೇನೆಯನ್ನು ಪಡೆದು ಹಿಗ್ಗಿದನು. ಅರ್ಜುನನು ಆಯುಧ ಹಿಡಿಯದ ಕೃಷ್ಣನನ್ನು ಆರಿಸಿಕೊಂಡನು. ತನಗೆ ಬೇಕಾದುದು ಯಾವುದೆಂದು ತಿಳಿದವನಿಗೆ ಎಣಿಕೆಯ ಮೋಹವಿರುವುದಿಲ್ಲ. ರೋಬೋಟು ಪಂದ್ಯದ ನಾಯಕನೂ ಶ್ರೇಣಿಯ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬಾರದು. ಆ ಪಟ್ಟಿಯಲ್ಲಿ ಮಿತ್ರರ ಭಾಗ್ಯದಿಂದ ಮೇಲೇರಿದವರಿರುತ್ತಾರೆ. ದುರದೃಷ್ಟದಿಂದ ಕೆಳಗಿಳಿದ ಸಮರ್ಥರಿರುತ್ತಾರೆ.

ಇದಕ್ಕಾಗಿಯೇ ಒಳ್ಳೆಯ ತಂಡಗಳು ಪ್ರತಿಯೊಂದು ಪಂದ್ಯಕ್ಕೂ ಆರು ಮಂದಿ ಹುಡುಗರನ್ನು ಪ್ರೇಕ್ಷಕರ ಸಾಲಿನಲ್ಲಿ ಕೂರಿಸುತ್ತವೆ. ಒಬ್ಬೊಬ್ಬನ ಕಣ್ಣು ಒಂದೊಂದು ಯಂತ್ರದ ಮೇಲೆ. ಎಷ್ಟು ಸಾರಿ ಎಸೆದಿತು, ಎಷ್ಟು ಸಾರಿ ತಪ್ಪಿತು, ಎಲ್ಲಿ ಕೆಟ್ಟು ನಿಂತಿತು, ಅಡ್ಡಗಟ್ಟಿದಾಗ ಏನು ಮಾಡಿತು ಎಂದು ಬೆಳಗಿನಿಂದ ಸಂಜೆಯ ವರೆಗೆ ಬರೆದುಕೊಳ್ಳುತ್ತಾರೆ. ಚಪ್ಪಾಳೆಯಾಗಲಿ ಪದಕವಾಗಲಿ ಇಲ್ಲದ ಈ ಕೆಲಸದಿಂದಲೇ ರಾತ್ರಿಯ ಆಲೋಚನಾ ಸಭೆಯಲ್ಲಿ ಆಯ್ಕೆಯ ಪಟ್ಟಿಯು ಸಿದ್ಧವಾಗುತ್ತದೆ. ಉದಾಹರಣೆಗೆ, ತಾನು ಹತ್ತೇ ಅಂಕ ಗಳಿಸಬಲ್ಲ ಯಂತ್ರವೊಂದು ಎದುರಾಳಿಯ ದಾರಿಗೆ ನಿಯಮಬದ್ಧವಾಗಿ ಅಡ್ಡ ನಿಂತು, ಅವನ ಅರುವತ್ತು ಅಂಕಗಳನ್ನು ಮೂವತ್ತಕ್ಕೆ ಇಳಿಸಬಲ್ಲುದಾದರೆ, ತನ್ನ ಹತ್ತನ್ನು ಬಿಟ್ಟುಕೊಟ್ಟರೂ ಪಕ್ಷಕ್ಕೆ ಇಪ್ಪತ್ತು ಅಂಕಗಳ ಲಾಭ. ಶ್ರೇಣಿಯ ಪಟ್ಟಿಯಲ್ಲಿ ಈ ಗುಣವು ಕಾಣದು. ಬರೆದುಕೊಂಡವನ ಪುಸ್ತಕದಲ್ಲಿ ಮಾತ್ರ ಕಾಣುವುದು.

ನಿಯಮ ಮಾಡುವವರಿಗೆ ಎಚ್ಚರಿಕೆ

ಇಷ್ಟೆಲ್ಲ ಲೆಕ್ಕಾಚಾರವನ್ನು ಕೇಳಿ, ‘ಇದು ಆಟವೋ ವ್ಯಾಪಾರವೋ? ಮಕ್ಕಳಿಗೆ ಚಾಣಾಕ್ಷತನವನ್ನು ಕಲಿಸಿದರೆ ಧರ್ಮಬುದ್ಧಿಯು ಉಳಿಯುವುದೆ?’ ಎಂದು ಕೆಲವು ಮಹನೀಯರು ಆಕ್ಷೇಪಿಸಬಹುದು. ಆಕ್ಷೇಪಣೆಯು ತಳ್ಳಿಹಾಕತಕ್ಕದ್ದಲ್ಲ. ಇದಕ್ಕೆ 2010ರ ಪಂದ್ಯದಲ್ಲಿಯೇ ನಿದರ್ಶನವಿದೆ.

ಆ ವರ್ಷ ಶ್ರೇಣಿಯನ್ನು ನಿರ್ಣಯಿಸುವುದಕ್ಕೆ ಹೊಸ ಸೂತ್ರವನ್ನು ತಂದರು. ಗೆದ್ದ ಪಕ್ಷಕ್ಕೆ ತನ್ನ ಅಂಕಗಳ ಜೊತೆಗೆ ಸೋತವರ ಅಂಕಗಳ ಇಮ್ಮಡಿಯೂ, ಸೋತ ಪಕ್ಷಕ್ಕೆ ಗೆದ್ದವರ ಅಂಕಗಳಷ್ಟೂ ಸಲ್ಲತಕ್ಕದ್ದು ಎಂದಾಯಿತು. ಎದುರಾಳಿಯನ್ನು ಗೌರವಿಸಲಿ, ಅವನೂ ಗಳಿಸಲೆಂದು ಹಾರೈಸಲಿ ಎಂಬುದೇ ಉದ್ದೇಶ. ಆದರೆ ಲೆಕ್ಕವನ್ನು ನೋಡಿ. ಹತ್ತಕ್ಕೆ ಮೂರರಂತೆ ಸೋತ ಪಕ್ಷಕ್ಕೆ 10 ದೊರೆತರೆ ಗೆದ್ದವರಿಗೆ 16 ದೊರೆಯುತ್ತದೆ. ಸೋಲು ಖಂಡಿತವೆಂದು ತಿಳಿದ ಪಕ್ಷವು ತನ್ನ ಮೂರು ಗುರಿಗಳನ್ನೂ ಎದುರಾಳಿಗಾಗಿಯೇ ಹೊಡೆದುಕೊಟ್ಟರೆ ಹದಿಮೂರಕ್ಕೆ ಸೊನ್ನೆಯಾಗಿ, ಇಬ್ಬರಿಗೂ 13 ದೊರೆಯುತ್ತದೆ. ಹೋರಾಡಿ ಸೋಲುವುದಕ್ಕಿಂತ ಶರಣಾಗುವುದೇ ಲಾಭ! ಕೆಲವು ಪಂದ್ಯಗಳಲ್ಲಿ ಆರು ಯಂತ್ರಗಳೂ ಒಂದೇ ಪಕ್ಷಕ್ಕಾಗಿ ಗುರಿ ಹೊಡೆದು, ಇದು ಸರಿಯೇ ತಪ್ಪೇ ಎಂಬ ದೊಡ್ಡ ವಿವಾದವೆದ್ದಿತು. ಹುಡುಗರು ನಿಯಮವನ್ನು ಮುರಿಯಲಿಲ್ಲ. ನಿಯಮವು ಹೇಳಿದ್ದನ್ನೇ ಮಾಡಿದರು. ದೋಷವು ಸೂತ್ರದಲ್ಲಿತ್ತು.

ಎರಡು ವರ್ಷಗಳ ತರುವಾಯ, 2012ರಲ್ಲಿ, ಅದೇ ಉದ್ದೇಶವನ್ನು ಬೇರೆ ಬಗೆಯಿಂದ ಸಾಧಿಸಿದರು. ಕಣದ ನಡುವೆ ತೂಗುವ ಸೇತುವೆಯೊಂದನ್ನಿಟ್ಟು, ಎದುರು ಪಕ್ಷಗಳ ಒಂದೊಂದು ರೋಬೋಟು ಅದರ ಮೇಲೇರಿ ಸಮತೂಕದಲ್ಲಿ ನಿಂತರೆ ಎರಡು ಪಕ್ಷಕ್ಕೂ ಶ್ರೇಣಿಯ ಎರಡೆರಡು ಅಂಕಗಳು ಎಂದರು. ಪಂದ್ಯವನ್ನು ಗೆದ್ದರೂ ಅಷ್ಟೇ ಎರಡು ಅಂಕ. ಇಲ್ಲಿ ಗೆಲ್ಲುವುದಕ್ಕಾಗಿ ಹೋರಾಡುವುದೂ ಲಾಭ, ಎದುರಾಳಿಗೆ ಕೈ ನೀಡುವುದೂ ಲಾಭ. ಒಂದಕ್ಕಾಗಿ ಮತ್ತೊಂದನ್ನು ಬಿಡಬೇಕಾಗಿರಲಿಲ್ಲ. ಸದುದ್ದೇಶವೊಂದೇ ಇದ್ದರೆ ಸಾಲದು, ಆ ಉದ್ದೇಶವು ನಿಯಮದ ಅಂಕಗಣಿತದಲ್ಲಿಯೂ ಇಳಿದಿರಬೇಕೆಂಬ ಈ ಪಾಠವು ಹುಡುಗರಿಗಿಂತ ಹೆಚ್ಚಾಗಿ, ಸುತ್ತೋಲೆಗಳನ್ನೂ ಅನುದಾನದ ಕಟ್ಟಳೆಗಳನ್ನೂ ಬರೆಯುವ ನಮ್ಮ ಅಧಿಕಾರಿವರ್ಗಕ್ಕೆ ಅನ್ವಯಿಸುತ್ತದೆ. ಪ್ರಯೋಗಶಾಲೆಗೆ ಅಂಕ ಕೊಡುವಾಗ ಕೊಂಡ ಸಾಮಾನುಗಳ ಸಂಖ್ಯೆಯನ್ನು ಕೇಳಿದರೆ ಸಾಮಾನುಗಳೇ ಬೆಳೆಯುವುವು. ಹುಡುಗರು ಮಾಡಿದ ತೀರ್ಮಾನಗಳನ್ನು ಕೇಳಿದರೆ ಬುದ್ಧಿಯು ಬೆಳೆಯುವುದು.

ವುಡೀ ಫ್ಲವರ್ಸ್ ಅವರು 2019ರಲ್ಲಿ ಕಾಲವಾದರು. ಹೋರಾಟದಲ್ಲಿ ತೀವ್ರತೆಯೂ ಎದುರಾಳಿಯ ವಿಷಯದಲ್ಲಿ ಸೌಜನ್ಯವೂ ಒಂದಕ್ಕೊಂದು ವಿರೋಧವಲ್ಲವೆಂಬುದು ಅವರು ಈ ಪಂದ್ಯಗಳಿಗೆ ಬಿಟ್ಟುಹೋದ ತತ್ತ್ವ. ಎದುರಾಳಿಯ ಯಂತ್ರವು ಕೆಟ್ಟಾಗ ತನ್ನ ಬಿಡಿಭಾಗವನ್ನು ಕೊಟ್ಟು ಸರಿಪಡಿಸಿ, ಮರುಗಳಿಗೆಯಲ್ಲಿ ಅವನನ್ನು ಸೋಲಿಸಲು ಸರ್ವ ಪ್ರಯತ್ನ ಮಾಡುವುದು ಅಲ್ಲಿ ರೂಢಿ. ಯುಕ್ತಿಯು ಕುಯುಕ್ತಿಯಾಗದಂತೆ ಕಾಯುವ ಬೇಲಿಯಿದು.

ನಮ್ಮ ಲಗೋರಿ

ಇದೆಲ್ಲವೂ ಪರದೇಶದ ವಿನೋದವೆಂದು ಯಾರೂ ಭಾವಿಸಬೇಕಾಗಿಲ್ಲ. ಏಷ್ಯಾ ಮತ್ತು ಪೆಸಿಫಿಕ್ ಪ್ರಾಂತಗಳ ಪ್ರಸಾರ ಸಂಸ್ಥೆಗಳ ಒಕ್ಕೂಟವು 2002ರಲ್ಲಿ ‘ರೋಬೋಕಾನ್’ ಎಂಬ ಪಂದ್ಯವನ್ನು ಟೋಕಿಯೋ ನಗರದಲ್ಲಿ ಆರಂಭಿಸಿತು. ನಮ್ಮ ದೂರದರ್ಶನವು ಭಾರತದ ಕಾಲೇಜುಗಳಿಗಾಗಿ ಅದರ ರಾಷ್ಟ್ರೀಯ ಸುತ್ತನ್ನು ನಡೆಸುತ್ತ ಬಂದಿತು. 2008ರಲ್ಲಿ ಪುಣೆಯಲ್ಲಿ ನಡೆದ ಪಂದ್ಯಕ್ಕೆ ಗೋಪಾಲಕರು ಮಡಕೆಯ ಬೆಣ್ಣೆಯನ್ನು ಕದಿಯುವ ಆಟವೇ ವಸ್ತುವಾಗಿದ್ದಿತು. 2022ರಲ್ಲಿ ಭಾರತವು ಮತ್ತೆ ಆತಿಥ್ಯ ವಹಿಸಿದಾಗ ಆರಿಸಿದ ಆಟ ಯಾವುದೆಂದು ಬಲ್ಲಿರಾ? ನಮ್ಮ ಬೀದಿಗಳಲ್ಲಿ ಹುಡುಗರು ಕಲ್ಲುಗಳನ್ನು ಪೇರಿಸಿ, ಚೆಂಡಿನಿಂದ ಕೆಡವಿ, ಮತ್ತೆ ಪೇರಿಸುವ ಲಗೋರಿ! ನಮ್ಮ ಮಕ್ಕಳು ಧೂಳಿನಲ್ಲಿ ಆಡುವ ಆಟವನ್ನು ಏಷ್ಯಾದ ನಾನಾ ದೇಶಗಳ ವಿದ್ಯಾರ್ಥಿಗಳು ಯಂತ್ರಗಳಿಂದ ಆಡುವುದು ಹೆಮ್ಮೆಯ ವಿಷಯವಲ್ಲವೆ?

ಲಗೋರಿಯನ್ನು ಆಡಿದವರು ಈ ಲೇಖನದ ಸಾರವನ್ನು ಆಗಲೇ ಬಲ್ಲರು. ಕಲ್ಲು ಕೆಡವುವುದಕ್ಕೆ ಗುರಿಕಾರನು, ಪೇರಿಸುವುದಕ್ಕೆ ಚುರುಕು ಕೈಯವನು, ಚೆಂಡನ್ನು ತನ್ನ ಕಡೆಗೆ ಸೆಳೆದುಕೊಂಡು ಉಳಿದವರಿಗೆ ಅವಕಾಶ ಮಾಡಿಕೊಡುವುದಕ್ಕೆ ಓಟಗಾರನು ಎಂದು ಹಂಚಿಕೊಳ್ಳುವುದನ್ನು ಆ ಹುಡುಗರಿಗೆ ಯಾರು ಕಲಿಸಿದರು? ಬೀದಿಯಲ್ಲಿ ತಾನಾಗಿ ಹುಟ್ಟುವ ಈ ಬುದ್ಧಿಯು ಶಾಲೆಯ ಬಾಗಿಲಲ್ಲಿ ಚಪ್ಪಲಿಯಂತೆ ಉಳಿದುಬಿಡುವುದೇ ದುಃಖದ ಸಂಗತಿ. ಒಳಗೆ ಉಪಾಧ್ಯಾಯರೇ ಮಾದರಿಯನ್ನು ಆರಿಸುತ್ತಾರೆ, ಅಂಗಡಿಯವನು ಜೋಡಿಸುತ್ತಾನೆ, ಹುಡುಗನು ಪ್ರದರ್ಶನದ ದಿನ ಗುಂಡಿಯನ್ನು ಒತ್ತುತ್ತಾನೆ. ಇದು ವಿದ್ಯೆಯಲ್ಲ, ಬೊಂಬೆಯಾಟ. ಬೊಂಬೆಯು ಯಂತ್ರವಲ್ಲ, ಹುಡುಗನೇ.

ಆದುದರಿಂದ ನಮ್ಮ ಸೂಚನೆಗಳು ಸರಳವಾದುವು. ಪ್ರತಿ ತಾಲ್ಲೂಕಿನಲ್ಲಿಯೂ ಪ್ರಯೋಗಶಾಲೆಗಳ ನಡುವೆ ವರ್ಷಕ್ಕೊಂದು ಪಂದ್ಯ ನಡೆಯಲಿ. ಪ್ರತಿವರ್ಷವೂ ಆಟವು ಹೊಸದಾಗಿರಲಿ. ಒಂದು ಶಾಲೆಯು ಒಂಟಿಯಾಗಿ ಗೆಲ್ಲಲಾಗದಂತೆ ಎರಡು ಮೂರು ಶಾಲೆಗಳ ಕೂಟಗಳು ಆಡಲಿ. ಯಂತ್ರದ ಬೆಲೆಗೆ ಕಟ್ಟುನಿಟ್ಟಾದ ಮಿತಿಯಿರಲಿ. ಹಳೆಯ ಸೈಕಲ್ಲಿನ ಚಕ್ರವೂ ಬಿದಿರಿನ ಗಳುವೂ ಅದರಲ್ಲಿ ಸಲ್ಲಲಿ. ಮೊದಲ ವಾರ ಯಾರೂ ಸುತ್ತಿಗೆಯನ್ನು ಮುಟ್ಟದೆ, ನಿಯಮವನ್ನು ಓದಿ, ಕಾಗದದ ಮೇಲೆ ಅಂಕಗಳ ಪಟ್ಟಿಯನ್ನು ಮಾಡಿ, ನೆಲದ ಮೇಲೆ ಸೀಮೆಸುಣ್ಣದಿಂದ ಕಣವನ್ನು ಬರೆದು, ತಾವೇ ಯಂತ್ರಗಳಂತೆ ನಡೆದು ಆಡಿ ನೋಡಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಕೊನೆಯಲ್ಲಿ ತೀರ್ಪುಗಾರರು ‘ನೀವು ಏನನ್ನು ಮಾಡದಿರಲು ನಿಶ್ಚಯಿಸಿದಿರಿ? ಏಕೆ?’ ಎಂದು ಹುಡುಗರನ್ನೇ ಕೇಳಲಿ. ಅದಕ್ಕೆ ಉತ್ತರ ಹೇಳಬಲ್ಲ ಮಗುವು ಮುಂದೆ ಇಂಜಿನಿಯರನಾದರೂ ಆಗಲಿ, ರೈತನಾದರೂ ಆಗಲಿ, ಅಮಲ್ದಾರನಾದರೂ ಆಗಲಿ, ದೇಶಕ್ಕೆ ಉಪಯುಕ್ತ ಪ್ರಜೆಯಾಗುವುದರಲ್ಲಿ ಸಂದೇಹವಿಲ್ಲ.

ಸ್ವರಾಜ್ಯವೆಂದರೆ ತೀರ್ಮಾನವನ್ನು ತಾನೇ ಮಾಡುವ ಹಕ್ಕು. ಅದರ ಫಲಾಫಲಗಳನ್ನು ತಾನೇ ಹೊರುವ ಹೊಣೆ. ರಾಷ್ಟ್ರವು ಆ ಹಕ್ಕನ್ನು 1947ರಲ್ಲಿ ಗಳಿಸಿತು. 50,000 ಕೊಠಡಿಗಳ ಬಾಗಿಲು ತೆರೆಯುವಾಗ, ಆ ಹಕ್ಕಿನ ಸ್ವಲ್ಪ ಭಾಗವನ್ನಾದರೂ ನಮ್ಮ ಮಕ್ಕಳಿಗೆ ಬಿಟ್ಟುಕೊಡೋಣ. ಅವರು ತಪ್ಪು ಯಂತ್ರವನ್ನು ಆರಿಸಲಿ, ಸೋಲಲಿ, ಸೋಲಿನ ಲೆಕ್ಕವನ್ನು ತಾವೇ ಬರೆದುಕೊಳ್ಳಲಿ. ಮುಂದಿನ ವರ್ಷ ಗೆಲ್ಲುವವರು ಅವರೇ.